ಡ್ರಮ್ ಬ್ರೇಕಿನ ಸದ್ದು: ಮನೆಯಲ್ಲಿ ಶೂ ಬದಲಿಸಿದ ಮೇಲೆ ಕೇಳಿಬರುವ ಧ್ವನಿಗಳು ಮತ್ತು ಅವುಗಳ ಕಾರಣ

ನವಿ ಮುಂಬಯಿಯ ಕೋಪರಖೈರಣೆಯು ಠಾಣೆ ಕೊಲ್ಲಿಯ ಅಂಚಿನಲ್ಲಿರುವ ವಸತಿ ಪ್ರದೇಶ. 1970ರಲ್ಲಿ ಸ್ಥಾಪನೆಗೊಂಡ ಸಿಡ್ಕೋ ಸಂಸ್ಥೆಯು ಯೋಜಿಸಿದ ಈ ನಗರದ ಇತರ ವಿಭಾಗಗಳಂತೆ ಇಲ್ಲಿಯೂ ಸೆಕ್ಟರುಗಳಿವೆ, ಸಾಲುಮನೆಗಳಿವೆ, ಮನೆಗಳ ಮುಂದಿನ ಕಿರಿದಾದ ರಸ್ತೆಗಳಲ್ಲಿ ಒತ್ತೊತ್ತಾಗಿ ನಿಂತ ವಾಹನಗಳಿವೆ. ದುಡಿಮೆಗಾಗಿ ಕರ್ನಾಟಕದ ಕರಾವಳಿಯಿಂದಲೂ ಉತ್ತರದ ಜಿಲ್ಲೆಗಳಿಂದಲೂ ಬಂದು ನವಿ ಮುಂಬಯಿಯಲ್ಲಿ ನೆಲೆಸಿದ ಕುಟುಂಬಗಳು ಅನೇಕ. ಊರಿನ ಜಾತ್ರೆಗೋ ಮದುವೆಗೋ ವರ್ಷಕ್ಕೊಮ್ಮೆ ಸ್ವಂತ ವಾಹನದಲ್ಲಿ ಹೊರಡುವ ಇಂತಹ ಕುಟುಂಬಗಳಲ್ಲಿ, ಹೊರಡುವ ಮುನ್ನಾದಿನ ಹಿಂದಿನ ಚಕ್ರಗಳ ಬ್ರೇಕ್ ಶೂಗಳನ್ನು ಮನೆಯ ಮುಂದೆಯೇ ಬದಲಿಸಿಕೊಳ್ಳುವ ಕೈಗಾರಿಕೆಯ ಅನುಭವಿಗಳು ಒಬ್ಬರಾದರೂ ಇರುತ್ತಾರೆ. ಕೆಲಸ ಮುಗಿಯುತ್ತದೆ, ಚಕ್ರ ಕೂಡುತ್ತದೆ, ವಾಹನ ರಸ್ತೆಗಿಳಿಯುತ್ತದೆ. ಆಗ ಹಿಂದೆಂದೂ ಇರದಿದ್ದ ಒಂದು ಸದ್ದು ಕೇಳಿಬರುತ್ತದೆ.

ಈ ಸದ್ದನ್ನು ಅಲಕ್ಷಿಸಿ ಹೊರಡಬಹುದೇ, ಅಥವಾ ಚಕ್ರವನ್ನು ಮತ್ತೆ ಬಿಚ್ಚಬೇಕೇ ಎಂಬುದು ಪ್ರಶ್ನೆ. ಪುಣೆಯ ಮಾರ್ಗವಾಗಿ ಊರಿಗೆ ಹೋಗುವವರಿಗೆ ಭೋರ್ ಘಾಟ್ ಹೋಗುವಾಗ ಏರುಹಾದಿ, ಮರಳುವಾಗ ಇಳಿಜಾರು. ಆದುದರಿಂದ ಬ್ರೇಕಿನಲ್ಲಿ ಉಳಿದ ದೋಷವು ಹೋಗುವಾಗ ಮೌನವಾಗಿದ್ದು, ಮಕ್ಕಳು ಹಿಂದಿನ ಆಸನದಲ್ಲಿ ನಿದ್ರಿಸುತ್ತಿರುವ ಮರುಪ್ರಯಾಣದಲ್ಲಿ ಪ್ರಕಟವಾಗುತ್ತದೆ. ಲೋಣಾವಳದಿಂದ ಖೋಪೋಲಿಗೆ ಬರುವಷ್ಟರಲ್ಲಿ ರಸ್ತೆಯು ಐನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಒಂದು ಸಾವಿರ ಕಿಲೋಗ್ರಾಂ ತೂಕದ ಕಾರು ಐನೂರು ಮೀಟರು ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿಯು ಶಾಖರೂಪದಲ್ಲಿ ಸುಮಾರು ಹದಿನೈದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುವಷ್ಟು. ಅದರಲ್ಲಿ ಒಂದು ಭಾಗವನ್ನು ಇಂಜಿನ್ನೂ ಗಾಳಿಯೂ ಹೀರಿಕೊಳ್ಳುತ್ತವೆ. ಉಳಿದುದೆಲ್ಲ ಬ್ರೇಕುಗಳ ಪಾಲಿಗೆ ಬರುತ್ತದೆ.

ಡ್ರಮ್ಮಿನ ಒಳಗೆ ನಡೆಯುವುದೇನು?

ಡ್ರಮ್ ಬ್ರೇಕಿನ ಈಗಿನ ರೂಪವನ್ನು ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದರು. ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಒಂದು ಡ್ರಮ್ಮು, ಅದರೊಳಗೆ ತಿರುಗದೆ ನಿಂತಿರುವ ಅರ್ಧಚಂದ್ರಾಕೃತಿಯ ಎರಡು ಶೂಗಳು, ಶೂಗಳ ಹೊರಮೈಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನಿಂಗ್, ಇವು ಮುಖ್ಯ ಅಂಗಗಳು. ಗರಾಜಿನವರು ಲೈನಿಂಗನ್ನು ಲೈನರ್ ಎನ್ನುವುದು ವಾಡಿಕೆ. ಶೂಗಳು ಬ್ಯಾಕ್ ಪ್ಲೇಟ್ ಎಂಬ ಉಕ್ಕಿನ ತಟ್ಟೆಗೆ ಒರಗಿಕೊಂಡಿರುತ್ತವೆ. ಪೆಡಲನ್ನು ಒತ್ತಿದಾಗ ವೀಲ್ ಸಿಲಿಂಡರಿನೊಳಗಿನ ಬ್ರೇಕ್ ಆಯಿಲ್ ಶೂಗಳನ್ನು ಹೊರಕ್ಕೆ ತಳ್ಳಿ ಡ್ರಮ್ಮಿಗೆ ಒತ್ತುತ್ತದೆ. ಪೆಡಲನ್ನು ಬಿಟ್ಟೊಡನೆ ಸ್ಪ್ರಿಂಗುಗಳು ಅವನ್ನು ಒಳಕ್ಕೆ ಸೆಳೆಯುತ್ತವೆ. ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದರೂ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕೇ ಉಳಿದಿದೆ. ಕೈಬ್ರೇಕನ್ನು ಇದಕ್ಕೆ ಜೋಡಿಸುವುದು ಸುಲಭ ಮತ್ತು ವೆಚ್ಚವೂ ಕಡಮೆ.

ಎರಡು ಶೂಗಳು ನೋಟಕ್ಕೆ ಅವಳಿಗಳಂತಿದ್ದರೂ ಅವುಗಳ ಕೆಲಸ ಒಂದೇ ಅಲ್ಲ. ವಾಹನವು ಮುಂದಕ್ಕೆ ಚಲಿಸುವಾಗ, ಮೇಲ್ಗಡೆ ಸಿಲಿಂಡರ್ ಇರುವ ಜೋಡಣೆಯಲ್ಲಿ, ಮುಂದಿನ ಶೂವನ್ನು ತಿರುಗುವ ಡ್ರಮ್ಮು ತಾನೇ ತನ್ನೆಡೆಗೆ ಸೆಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಹಿಂದಿನ ಶೂವನ್ನು ಅದೇ ಡ್ರಮ್ಮು ದೂರ ತಳ್ಳುತ್ತದೆ. ಆದುದರಿಂದ ಮುಂದಿನ ಶೂ ಹೆಚ್ಚು ದುಡಿಯುತ್ತದೆ, ಹೆಚ್ಚು ಸವೆಯುತ್ತದೆ. ವಾಹನವನ್ನು ಹಿಂದಕ್ಕೆ ನಡೆಸಿದಾಗ ಈ ಪಾತ್ರಗಳು ಅದಲುಬದಲಾಗುತ್ತವೆ. ಮುಂದಕ್ಕೆ ಹೋಗುವಾಗ ಕೇಳುವ ಸದ್ದು ಹಿಂದಕ್ಕೆ ಹೋಗುವಾಗ ಕೇಳುವುದೇ ಇಲ್ಲವೇ ಎಂದು ಪರೀಕ್ಷಿಸುವುದು ಅದಕ್ಕಾಗಿಯೇ ಉಪಯುಕ್ತ.

ಧ್ವನಿಯ ಹುಟ್ಟನ್ನು ಕುರಿತು ಒಂದು ಮಾತು. ಡ್ರಮ್ಮನ್ನು ಬಿಚ್ಚಿ ಬೆರಳಿನ ಮೇಲೆ ತೂಗಿಸಿ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಅದು ದೇವಸ್ಥಾನದ ಗಂಟೆಯಂತೆ ನಾದಗೈಯುತ್ತದೆ. ಲೈನಿಂಗು ಅದರ ಮೇಲೆ ಸಮನಾಗಿ ಜಾರದೆ, ಕ್ಷಣಕ್ಕೆ ಅಂಟಿ ಕ್ಷಣಕ್ಕೆ ಬಿಟ್ಟು ಜಾರತೊಡಗಿದರೆ, ಪಿಟೀಲಿನ ತಂತಿಯನ್ನು ಕಮಾನು ಮಿಡಿಸುವಂತೆ ಡ್ರಮ್ಮು ಕಂಪಿಸುತ್ತದೆ. ಹಲಗೆಯ ಮೇಲೆ ಸೀಮೆಸುಣ್ಣ ಕಿರುಚುವುದೂ ಇದೇ ಕಾರಣದಿಂದ. ಬ್ರೇಕು ಕಿರುಚಿತೆಂದ ಮಾತ್ರಕ್ಕೆ ಹಿಡಿತ ಕಡಮೆಯಾಗಿದೆ ಎಂದಲ್ಲ. ಮೌನವಾಗಿದೆ ಎಂದ ಮಾತ್ರಕ್ಕೆ ಹಿಡಿತ ಸರಿಯಿದೆ ಎಂದೂ ಅಲ್ಲ. ಎಣ್ಣೆ ಸೋರಿ ತೊಯ್ದ ಲೈನಿಂಗು ಸ್ವಲ್ಪವೂ ಸದ್ದು ಮಾಡದೆ ವಾಹನವನ್ನು ಗೋಡೆಗೆ ತಲಪಿಸಬಲ್ಲದು.

ಬಿಚ್ಚುವ ಮುನ್ನ

ಸದ್ದಿನ ಕಾರಣವನ್ನು ಹುಡುಕಲು ಡ್ರಮ್ಮನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಆಗ ಎರಡು ಅಪಾಯಗಳಿವೆ. ಮೊದಲನೆಯದು ವಾಹನವು ಜಾಕಿನಿಂದ ಜಾರುವುದು. ಹಿಂದಿನ ಡ್ರಮ್ಮನ್ನು ಬಿಚ್ಚಲು ಕೈಬ್ರೇಕನ್ನು ಸಡಿಲಿಸಲೇಬೇಕಾದುದರಿಂದ ಮುಂದಿನ ಎರಡೂ ಚಕ್ರಗಳಿಗೆ ಎರಡು ಬದಿಯಿಂದಲೂ ಮರದ ದಿಮ್ಮಿಯ ಅಡ್ಡಗಟ್ಟೆ ಕೊಟ್ಟು, ವಾಹನವನ್ನು ಜಾಕಿನ ಮೇಲಲ್ಲದೆ ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಸಾಲುಮನೆಗಳ ಮುಂದಿನ ನೆಲ ಸಾಮಾನ್ಯವಾಗಿ ಚರಂಡಿಯ ಕಡೆಗೆ ಇಳಿಜಾರಾಗಿರುತ್ತದೆ. ಕಣ್ಣಿಗೆ ಸಮತಟ್ಟಾಗಿ ಕಂಡರೂ ನೀರು ಸುರಿದು ನೋಡಿದರೆ ತಿಳಿಯುತ್ತದೆ. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ವಾಹನವನ್ನು ನಿಲ್ಲಿಸುವ ರೂಢಿಯನ್ನು ಬಿಟ್ಟೇ ಬಿಡಬೇಕು.

ಎರಡನೆಯ ಅಪಾಯವು ಕಣ್ಣಿಗೆ ಕಾಣುವಂಥದಲ್ಲ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಬ್ರೇಕಿನ ಲೈನಿಂಗುಗಳ ತಯಾರಿಕೆಯನ್ನು ಆರಂಭಿಸಿದ. ಆರಂಭದಲ್ಲಿ ಹತ್ತಿಯ ನೇಯ್ಗೆಯಿದ್ದ ಸ್ಥಳಕ್ಕೆ ಶಾಖವನ್ನು ಸಹಿಸುವ ಕಲ್ನಾರು ಕೆಲವೇ ವರ್ಷಗಳಲ್ಲಿ ಬಂದು, ಇಪ್ಪತ್ತನೆಯ ಶತಮಾನದ ಬಹುಕಾಲ ಅಲ್ಲಿಯೇ ಉಳಿಯಿತು. ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೋದರೆ ಶ್ವಾಸಕೋಶದ ಗಡಸುರೋಗ, ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ಒಳಪೊರೆಯ ಕ್ಯಾನ್ಸರ್ ಮುಂತಾದವು ಹಲವು ದಶಕಗಳ ಅನಂತರವೂ ತಲೆದೋರಬಹುದು. 1995ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಉದ್ಯಮದ ಕಾರ್ಮಿಕರ ಆರೋಗ್ಯವನ್ನು ಕುರಿತು ಮಹತ್ವದ ತೀರ್ಪನ್ನು ನೀಡಿತು. ಇಂದು ಕಲ್ನಾರುರಹಿತ ಲೈನಿಂಗುಗಳು ಧಾರಾಳವಾಗಿ ದೊರೆಯುತ್ತವೆಯಾದರೂ, ಬಿಚ್ಚಿದ ಹಳೆಯ ಶೂ ಯಾವುದರಿಂದ ಮಾಡಿದ್ದೆಂದು ನೋಡಿ ಹೇಳಲಾಗದು. ಆದ್ದರಿಂದ ಡ್ರಮ್ಮಿನಲ್ಲಿರುವ ಕರಿ ಧೂಳನ್ನು ಬಾಯಿಂದ ಊದುವುದಾಗಲೀ, ಪಂಕ್ಚರ್ ಅಂಗಡಿಯ ಗಾಳಿಯ ಕೊಳವೆಯಿಂದ ಹಾರಿಸುವುದಾಗಲೀ, ಒಣ ಬ್ರಷ್ಷಿನಿಂದ ಗುಡಿಸುವುದಾಗಲೀ ಕೂಡದು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಬೇಕು. ನೆರವಿಗೆ ಬಂದು ಕುಳಿತ ಮಕ್ಕಳನ್ನು ದೂರ ಕಳುಹಿಸಬೇಕು. ಮೈಮೇಲಿನ ಬಟ್ಟೆಯನ್ನು ಮನೆಮಂದಿಯ ಬಟ್ಟೆಯೊಡನೆ ಒಗೆಯಲು ಹಾಕಬಾರದು.

ಸದ್ದು ಯಾವಾಗ ಕೇಳುತ್ತದೆ?

ಗರಾಜಿನ ನುರಿತ ಕೆಲಸಗಾರನು ‘ಎಂಥ ಸದ್ದು’ ಎಂದು ಕೇಳುವ ಮೊದಲು ‘ಯಾವಾಗ ಬರುತ್ತದೆ’ ಎಂದು ಕೇಳುತ್ತಾನೆ. ಪೆಡಲನ್ನು ಒತ್ತದೆ ಇರುವಾಗಲೂ ಸದ್ದು ಬರುತ್ತಿದ್ದು, ಒತ್ತಿದಾಗ ಬದಲಾಗುತ್ತದೆಯೇ? ಒತ್ತಿದಾಗ ಮಾತ್ರ ಬರುತ್ತದೆಯೇ? ಬೆಳಗಿನ ಮೊದಲ ಕೆಲವು ನಿಲುಗಡೆಗಳಲ್ಲಿ ಮಾತ್ರವೇ? ಈ ಮೂರು ಪ್ರಶ್ನೆಗಳ ಉತ್ತರದಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಪೆಡಲನ್ನು ಒತ್ತದಿರುವಾಗ ಉಜ್ಜುವ ಸದ್ದು ಬರುತ್ತಿದ್ದರೆ ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ ಆಲಿಸಬೇಕು. ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರೆ, ಸದ್ದು ಪ್ರತಿ ಸುತ್ತಿನಲ್ಲಿ ಒಂದೇ ಸ್ಥಾನದಲ್ಲಿ ಬರುವುದೋ ಇಲ್ಲವೋ ತಿಳಿಯುತ್ತದೆ. ಒಂದೇ ಸ್ಥಾನದಲ್ಲಿ ಬಂದರೆ ಡ್ರಮ್ಮು ಪೂರ್ಣ ದುಂಡಾಗಿಲ್ಲ, ಅಥವಾ ಅದು ಹಬ್ಬಿನ ಮೇಲೆ ಓರೆಯಾಗಿ ಕುಳಿತಿದೆ. ಹಬ್ಬಿನ ಮುಖದ ಮೇಲೆ ಉಳಿದ ತುಕ್ಕಿನ ಒಂದು ಪೊರೆಯೂ ಡ್ರಮ್ಮನ್ನು ಓರೆ ಮಾಡಬಲ್ಲದು. ಕೊಲ್ಲಿಯ ಉಪ್ಪುಗಾಳಿ ಬೀಸುವ ಈ ಭಾಗದಲ್ಲಿ ತುಕ್ಕಿಗೇನೂ ಬರವಿಲ್ಲ. ಸುತ್ತಿನ ಉದ್ದಕ್ಕೂ ಸದ್ದು ಒಂದೇ ಸಮನಾಗಿದ್ದರೆ ಶೂ ಡ್ರಮ್ಮಿಗೆ ತಗಲಿಕೊಂಡೇ ಇದೆ ಎಂದು ಭಾವಿಸಬೇಕು. ಅಡ್ಜಸ್ಟರನ್ನು ಅತಿಯಾಗಿ ಬಿಗಿ ಮಾಡಿರುವುದು, ಅಥವಾ ಸವೆದ ಶೂಗಳಿಗೆ ತಕ್ಕಂತೆ ಹಿಂದೆ ಬಿಗಿಗೊಳಿಸಿದ್ದ ಕೈಬ್ರೇಕಿನ ಕೇಬಲನ್ನು ಹೊಸ ಶೂ ಹಾಕಿದ ಮೇಲೆ ಸಡಿಲಿಸದಿರುವುದು ಇದರ ಸಾಮಾನ್ಯ ಕಾರಣಗಳು. ಎರಡನೆಯದನ್ನು ಮರೆಯುವವರೇ ಹೆಚ್ಚು. ಡ್ರಮ್ಮನ್ನು ತೆಗೆಯುವಾಗ ಸ್ಕ್ರೂಡ್ರೈವರಿನಿಂದ ಮೀಟಿ ಬ್ಯಾಕ್ ಪ್ಲೇಟಿನ ಅಂಚನ್ನು ಬಗ್ಗಿಸಿದ್ದರೂ ತಗಡು ಕೆರೆಯುವ ತೆಳು ಸದ್ದು ಬರುತ್ತದೆ. ಅಂಚನ್ನು ಇಕ್ಕುಳದಿಂದ ಹಿಂದಕ್ಕೆ ಬಾಗಿಸಿದರೆ ಮುಗಿಯಿತು.

ಹಳೆಯ ಡ್ರಮ್ಮಿಗೆ ಹೊಸ ಶೂ ಹಾಕಿದಾಗ ಇನ್ನೊಂದು ತೊಡಕುಂಟು. ಲೈನಿಂಗು ಉಜ್ಜಿದ ಭಾಗ ಸವೆದು, ಉಜ್ಜದ ಅಂಚಿನ ಭಾಗ ದಿಂಡಿನಂತೆ ಎದ್ದು ನಿಂತಿರುತ್ತದೆ. ಹೊಸ ಲೈನಿಂಗು ಕೂದಲೆಳೆಯಷ್ಟು ಅಗಲವಾಗಿದ್ದರೂ ಆ ದಿಂಡನ್ನು ಕೆರೆಯುತ್ತದೆ. ಡ್ರಮ್ಮನ್ನು ಲೇತಿನಲ್ಲಿ ಹಿಡಿಸಿ ದಿಂಡನ್ನು ತೆಗೆಸಬಹುದು. ಆದರೆ ಡ್ರಮ್ಮಿನ ಒಳ ವ್ಯಾಸಕ್ಕೆ ಒಂದು ಗರಿಷ್ಠ ಮಿತಿಯಿದ್ದು, ಆ ಸಂಖ್ಯೆಯನ್ನು ಅನೇಕ ಡ್ರಮ್ಮುಗಳ ಮೇಲೆಯೇ ಎರಕದಲ್ಲಿ ಮೂಡಿಸಿರುತ್ತಾರೆ. ಆ ಮಿತಿಯನ್ನು ದಾಟಿದ ಡ್ರಮ್ಮನ್ನು ಕೊರೆಸದೆ ಬದಲಿಸಬೇಕು.

ಲೇತಿನಿಂದ ಬಂದ ಡ್ರಮ್ಮಿನ ವಿಚಾರವನ್ನು ಇಲ್ಲಿಯೇ ಸ್ವಲ್ಪ ವಿಸ್ತಾರವಾಗಿ ಹೇಳುವುದು ಒಳಿತು. ಏಕೆಂದರೆ ಅನುಭವಿಗಳನ್ನೂ ದಾರಿತಪ್ಪಿಸುವ ಸದ್ದು ಇದರಿಂದಲೇ ಹುಟ್ಟುತ್ತದೆ. ಬ್ರೇಕ್ ಒತ್ತಿದಾಗ ‘ಟಕ್’ ಎಂದು ಸುತ್ತಿಗೆಯಿಂದ ಬಡಿದಂತಹ ಸದ್ದು, ಕೆಲವೊಮ್ಮೆ ಒಂದಾದಮೇಲೊಂದರಂತೆ ಹಲವು ಸಲ. ಮಾಲಿಕನು ಬೇರಿಂಗ್ ಹೋಯಿತೆಂದು ಬೇರಿಂಗ್ ಬದಲಿಸುತ್ತಾನೆ, ಸಸ್ಪೆನ್ಷನ್ನಿನ ಬುಷ್ಷುಗಳನ್ನು ಬದಲಿಸುತ್ತಾನೆ, ಸದ್ದು ಮಾತ್ರ ಹೋಗುವುದಿಲ್ಲ. ಸಂಗತಿ ಹೀಗಿದೆ: ಲೇತಿನ ಕೆಲಸವನ್ನು ಅವಸರದಿಂದ ಮುಗಿಸಲು ಕೊರೆಯುವ ಉಳಿಯನ್ನು ವೇಗವಾಗಿ ಸರಿಸಿದರೆ ಡ್ರಮ್ಮಿನ ಒಳಮೈಯಲ್ಲಿ ಬೋಲ್ಟಿನ ಮೇಲಿರುವಂತಹ ಸುರುಳಿ ಗೆರೆ ಬೀಳುತ್ತದೆ. ಬ್ರೇಕ್ ಒತ್ತಿದಾಗ ಶೂ ಆ ಸುರುಳಿಯನ್ನು ಅನುಸರಿಸಿ, ನಟ್ಟು ಬೋಲ್ಟಿನ ಮೇಲೆ ಚಲಿಸುವ ಹಾಗೆ, ಬ್ಯಾಕ್ ಪ್ಲೇಟನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಶೂವನ್ನು ಹಿಡಿದಿರುವ ಸ್ಪ್ರಿಂಗು ಅದನ್ನು ತಟ್ಟನೆ ಹಿಂದಕ್ಕೆಳೆದಾಗ ಅದು ತಟ್ಟೆಗೆ ಬಡಿಯುತ್ತದೆ. ವಾಹನವನ್ನು ಹಿಂದಕ್ಕೆ ನಡೆಸಿ ಬ್ರೇಕ್ ಒತ್ತಿದರೆ ಅದೇ ಸುರುಳಿ ಶೂವನ್ನು ತಟ್ಟೆಯ ಕಡೆಗೇ ಒತ್ತುವುದರಿಂದ ಸದ್ದು ಬರುವುದಿಲ್ಲ. ಡ್ರಮ್ಮಿನ ಒಳಮೈಯನ್ನು ಬೆಳಕಿಗೆ ಹಿಡಿದು ಉಗುರಿನ ತುದಿಯನ್ನು ಅಡ್ಡವಾಗಿ ಎಳೆದರೆ ಗೆರೆಗಳು ತಿಳಿಯುತ್ತವೆ. ಗೆರೆ ಹಗುರವಾಗಿದ್ದರೆ ಎಮರಿ ಕಾಗದವನ್ನು ನೀರಿನಲ್ಲಿ ತೋಯಿಸಿ ಗೆರೆಗೆ ಅಡ್ಡಲಾಗಿ ಎಲ್ಲ ದಿಕ್ಕಿನಿಂದಲೂ ಉಜ್ಜಿ ಸುರುಳಿಯನ್ನು ಮುರಿಯಬಹುದು. ಆಳವಾಗಿದ್ದರೆ ಡ್ರಮ್ಮನ್ನು ನಿಧಾನಗತಿಯಲ್ಲಿ ಮತ್ತೊಮ್ಮೆ ಹಿಡಿಸಬೇಕು, ಗರಿಷ್ಠ ವ್ಯಾಸದ ಮಿತಿಯೊಳಗೆ.

ಡ್ರಮ್ಮಿನಲ್ಲಿ ಗೆರೆಯಿಲ್ಲದೆಯೂ ಟಕ್ ಸದ್ದು ಬರುವುದಾದರೆ ಶೂವನ್ನು ತಟ್ಟೆಗೆ ಹಿಡಿದಿರುವ ಸಣ್ಣ ಪಿನ್ನು ಮತ್ತು ಸ್ಪ್ರಿಂಗು ಸರಿಯಾಗಿ ಕುಳಿತಿಲ್ಲ, ಅಥವಾ ಹಳೆಯ ಸ್ಪ್ರಿಂಗು ಶಾಖದಿಂದ ತನ್ನ ಬಿಗಿಯನ್ನು ಕಳೆದುಕೊಂಡಿದೆ. ಶೂಗಳೊಡನೆ ಸ್ಪ್ರಿಂಗುಗಳನ್ನೂ ಬದಲಿಸುವುದು ದುಂದುಗಾರಿಕೆಯಲ್ಲ. ಚಕ್ರದ ನಟ್ಟುಗಳು ಸಡಿಲವಾಗಿದ್ದರೂ ಇದೇ ಬಗೆಯ ಸದ್ದು ಬರುವುದರಿಂದ, ಬೇರೇನನ್ನು ಮುಟ್ಟುವ ಮೊದಲೂ ಅವನ್ನು ನೋಡಬೇಕು.

ಇನ್ನು ಕೀರಲು ಧ್ವನಿ. ಪೆಡಲ್ ಒತ್ತಿದಾಗ ಮಾತ್ರ ಬರುವ ಈ ಧ್ವನಿಗೆ ಕಾರಣವು ಬಹುಮಟ್ಟಿಗೆ ಬ್ಯಾಕ್ ಪ್ಲೇಟಿನ ಮೇಲೆ ಶೂಗಳ ಅಂಚು ಕೂರುವ ಉಬ್ಬುಗಳಲ್ಲಿರುತ್ತದೆ. ಪ್ರತಿ ಶೂವಿಗೆ ಸಾಮಾನ್ಯವಾಗಿ ಮೂರರಂತೆ ಇಂತಹ ಉಬ್ಬುಗಳಿದ್ದು, ಅವು ಒಣಗಿ ತುಕ್ಕು ಹಿಡಿದರೆ ಶೂ ಸರಾಗವಾಗಿ ಜಾರದೆ ನಡುಗುತ್ತದೆ. ವರ್ಷಗಳ ಬಳಕೆಯಿಂದ ಅವುಗಳಲ್ಲಿ ತೋಡು ಬಿದ್ದಿದ್ದರೆ ಹೊಸ ಶೂ ಆ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಉಬ್ಬುಗಳನ್ನು ಚೊಕ್ಕಟಗೊಳಿಸಿ, ಬ್ರೇಕಿಗೆಂದೇ ತಯಾರಾದ, ಹೆಚ್ಚು ಶಾಖವನ್ನು ತಡೆಯುವ ಗ್ರೀಸನ್ನು ಬೆರಳಿನ ತುದಿಯಷ್ಟೇ ಸವರಬೇಕು. ಉಳಿದ ಗ್ರೀಸು ಶಾಖಕ್ಕೆ ಕರಗಿ ಲೈನಿಂಗಿಗೆ ಹರಿಯುತ್ತದೆ. ಹೊಸ ಡ್ರಮ್ಮು ಹಾಕಿದ್ದರೆ ತುಕ್ಕು ಹಿಡಿಯದಿರಲೆಂದು ತಯಾರಕರು ಬಳಿದ ಎಣ್ಣೆಯನ್ನು ತೊಳೆದಿದ್ದೀರಾ ಎಂದು ನೆನಪಿಸಿಕೊಳ್ಳಬೇಕು. ಲೈನಿಂಗಿನ ತುದಿಗಳು ಚೂಪಾಗಿದ್ದರೆ ಅರದಿಂದ ಸ್ವಲ್ಪ ಇಳಿಜಾರು ಮಾಡುವುದುಂಟು. ಇದನ್ನೂ ಒದ್ದೆ ಮಾಡಿಯೇ ಮಾಡಬೇಕು.

ಅತಿಯಾಗಿ ಕಾದು ಗಾಜಿನಂತೆ ಹೊಳಪೇರಿದ ಲೈನಿಂಗೂ ಕಿರುಚುತ್ತದೆ. ಉಜ್ಜುಕಾಗದದಿಂದ ಹೊಳಪು ತೆಗೆದರೆ ಸದ್ದು ನಿಲ್ಲುತ್ತದೆ, ಗಿರಾಕಿ ಸಂತೋಷದಿಂದ ಹೋಗುತ್ತಾನೆ, ಹದಿನೈದು ದಿನಗಳಲ್ಲಿ ಮರಳಿ ಬರುತ್ತಾನೆ. ಕಾದದ್ದೇಕೆ ಎಂಬುದನ್ನು ಕಂಡುಕೊಳ್ಳದೆ ಉಜ್ಜಿದರೆ ಆಗುವುದು ಇಷ್ಟೇ. ಕಾರಣವು ಬಹುಶಃ ಮೇಲೆ ಹೇಳಿದ ಬಿಗಿ ಕೇಬಲ್ಲೋ, ಪಿಸ್ಟನ್ ಸಿಕ್ಕಿಕೊಂಡ ವೀಲ್ ಸಿಲಿಂಡರೋ ಆಗಿರುತ್ತದೆ. ಬ್ರೇಕ್ ಆಯಿಲ್ ಅಥವಾ ಆಕ್ಸಲಿನ ಎಣ್ಣೆಯಿಂದ ತೊಯ್ದ ಲೈನಿಂಗನ್ನಂತೂ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಬಳಸಬಾರದು. ಸೋರಿಕೆಯನ್ನು ನಿಲ್ಲಿಸಿ, ಎರಡೂ ಬದಿಯ ಶೂಗಳನ್ನು ಹೊಸದಾಗಿ ಹಾಕಬೇಕು. ಒಂದೇ ಬದಿಯಲ್ಲಿ ಬದಲಿಸಿದರೆ ಬ್ರೇಕ್ ಹಾಕಿದಾಗ ವಾಹನವು ಒಂದು ಕಡೆಗೆ ಎಳೆಯುತ್ತದೆ.

ಚಿಂತಿಸಬೇಕಾಗಿಲ್ಲದ ಸದ್ದುಗಳೂ ಇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಂಕಣದ ಮಳೆಯಲ್ಲಿ ರಾತ್ರಿಯಿಡೀ ನಿಂತ ವಾಹನದ ಡ್ರಮ್ಮಿನೊಳಗೆ ತುಕ್ಕಿನ ತೆಳುಪೊರೆ ಕಟ್ಟುತ್ತದೆ. ಬೆಳಗ್ಗೆ ಮೊದಲ ನಾಲ್ಕಾರು ನಿಲುಗಡೆಗಳಲ್ಲಿ ಗೊರಗೊರ ಸದ್ದು ಬಂದು ತಾನಾಗಿಯೇ ಅಡಗುತ್ತದೆ. ಹೊಸ ಲೈನಿಂಗಿನ ಬಾಗು ಹಳೆಯ ಡ್ರಮ್ಮಿನ ಬಾಗಿಗೆ ಪೂರ್ತಿ ಹೊಂದಿಕೊಳ್ಳುವವರೆಗೆ, ಸಾಮಾನ್ಯವಾಗಿ ಮೊದಲ ಇನ್ನೂರು ಮುನ್ನೂರು ಕಿಲೋಮೀಟರುಗಳಲ್ಲಿ, ಬ್ರೇಕ್ ಒತ್ತಿದಾಗ ಮೆಲುವಾದ ಸರಸರ ಸದ್ದು ಸಹಜ. ಈ ಅವಧಿಯಲ್ಲಿ ಹಿಡಿತವೂ ಸ್ವಲ್ಪ ಕಡಮೆಯೇ. ಊರಿಗೆ ಹೊರಡುವ ಮುನ್ನಾದಿನ ಶೂ ಬದಲಿಸುವುದು ಸರಿಯಲ್ಲ ಎನ್ನಲು ಇದೊಂದೇ ಕಾರಣ ಸಾಕು. ಎರಡು ವಾರ ಮೊದಲೇ ಬದಲಿಸಿ ಊರೊಳಗೆ ಓಡಿಸಿರಬೇಕು. ತಾನೇ ಹೊಂದಿಕೊಳ್ಳುವ ಅಡ್ಜಸ್ಟರ್ ಇರುವ ವಾಹನಗಳಲ್ಲಿ ಪೆಡಲನ್ನು ಮೊದಮೊದಲು ಒತ್ತಿದಾಗ ‘ಕ್ಲಿಕ್’ ಎಂಬ ಸಣ್ಣ ಸದ್ದು ಕೆಲವು ಸಲ ಕೇಳಿ ನಿಲ್ಲುವುದೂ ದೋಷವಲ್ಲ. ಆದರೆ ಎಡ ಬಲದ ಅಡ್ಜಸ್ಟರುಗಳ ತಿರುಪು ಅನೇಕ ವಾಹನಗಳಲ್ಲಿ ವಿರುದ್ಧ ದಿಕ್ಕಿನದು. ಅವು ಅದಲುಬದಲಾದರೆ ಅಂತರವು ಕುಗ್ಗುವ ಬದಲು ಹಿಗ್ಗುತ್ತ ಹೋಗಿ ಪೆಡಲು ದಿನದಿನಕ್ಕೆ ಕೆಳಗಿಳಿಯುತ್ತದೆ. ಒಂದು ಬದಿಯನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿದರೆ ಈ ತಪ್ಪು ಆಗದು, ನೋಡಿಕೊಳ್ಳಲು ಮಾದರಿಯೂ ಇರುತ್ತದೆ.

ಲೋಹವು ಲೋಹಕ್ಕೆ ಉಜ್ಜುವ ಕರಕರ ಸದ್ದು ಇವೆಲ್ಲಕ್ಕಿಂತ ಬೇರೆ. ಕಳಚಿದ ಸ್ಪ್ರಿಂಗು ಡ್ರಮ್ಮಿನೊಳಗೆ ಉರುಳುತ್ತಿರಬಹುದು, ಶೂವಿನಿಂದ ಲೈನಿಂಗು ಬಿಟ್ಟುಬಂದಿರಬಹುದು, ರಿವೆಟಿನ ತಲೆ ಡ್ರಮ್ಮನ್ನು ಕೊರೆಯುತ್ತಿರಬಹುದು. ಚಕ್ರವು ಹಠಾತ್ತನೆ ಹಿಡಿದುಕೊಳ್ಳುವ ಸಂಭವವಿರುವುದರಿಂದ ವಾಹನವನ್ನು ಗರಾಜಿನವರೆಗೂ ಓಡಿಸದೆ, ನಿಂತಲ್ಲಿಯೇ ಬಿಚ್ಚಬೇಕು ಅಥವಾ ಎಳೆಸಿಕೊಂಡು ಹೋಗಬೇಕು.

ಸ್ಕೂಟರುಗಳಲ್ಲಿ ಸಿಲಿಂಡರಿನ ಬದಲು ಒಂದು ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತದೆ. ಅಲ್ಲಿ ಸದ್ದಿಗೂ ಗಡಸುತನಕ್ಕೂ ಮೂಲವು ಬಹುತೇಕ ಒಣಗಿದ ಕ್ಯಾಮಿನ ಅಚ್ಚು. ಉಳಿದ ತತ್ತ್ವಗಳೆಲ್ಲ ಒಂದೇ.

ರಸ್ತೆಯ ಮೇಲಿನ ಪರೀಕ್ಷೆ

ವಾಹನಗಳ ಬ್ರೇಕುಗಳನ್ನು ಕುರಿತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮದಲ್ಲಿ ವಿಧಿಗಳಿವೆ. ದುರಸ್ತಿ ಮನೆಯಲ್ಲಾದರೂ ಹೊಣೆ ಕಡಮೆಯಾಗುವುದಿಲ್ಲ. ಹೊರಡುವ ಮುನ್ನ ನಿಂತಲ್ಲಿಯೇ ಪೆಡಲನ್ನು ಹಲವು ಸಲ ಒತ್ತಿ ಅದು ಗಟ್ಟಿಯಾಗಿ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಪೆಡಲು ಮೆತ್ತಗಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿದೆ; ಅದನ್ನು ತೆಗೆಯದೆ ವಾಹನವನ್ನು ಕದಲಿಸಬಾರದು. ಅನಂತರ ಜನಸಂಚಾರ ಆರಂಭವಾಗುವ ಮೊದಲು ಸೆಕ್ಟರಿನ ಒಳರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ, ಆಮೇಲೆ ವೇಗವನ್ನು ಹೆಚ್ಚಿಸಬೇಕು. ಠಾಣೆ–ಬೇಲಾಪುರ ರಸ್ತೆಯಂತಹ ದಟ್ಟಣೆಯ ಹಾದಿ ಮೊದಲ ಪರೀಕ್ಷೆಗೆ ತಕ್ಕದ್ದಲ್ಲ.

ಐದಾರು ಕಿಲೋಮೀಟರು ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಮೆ ಬಳಸಿ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳ ಬಳಿ ಅಂಗೈಯನ್ನು ಹಿಡಿದು ನೋಡಬೇಕು. ಮುಟ್ಟಬಾರದು, ಸುಡಬಹುದು. ಒಂದು ಬದಿ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಬಿಸಿಯಾಗಿದ್ದರೆ ಆ ಬದಿಯ ಶೂ ಬಿಡದೆ ಹಿಡಿದಿದೆ. ಘಾಟಿಯ ಪ್ರಯಾಣಕ್ಕೆ ಇದು ಸದ್ದಿಗಿಂತ ಮುಖ್ಯವಾದ ಸೂಚನೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಈ ಮಿತಿ 140ಕ್ಕೆ ಇಳಿಯಬಹುದು. ಕುದಿದ ಆಯಿಲಿನಲ್ಲಿ ಹುಟ್ಟುವ ಆವಿಯನ್ನು ಒತ್ತಿದರೆ ಪೆಡಲು ನೆಲಕ್ಕೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿರಬೇಕೆಂಬುದು ಇದಕ್ಕಾಗಿಯೇ.

ಸುಮಾರು ಐವತ್ತು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಬಿಚ್ಚಿದ ಹಳೆಯ ಶೂಗಳನ್ನು ಕೂಡಲೇ ಎಸೆಯದೆ, ಯಾವುದು ಯಾವ ಬದಿಯದೆಂದು ಗುರುತುಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳುವುದು ಲೇಸು. ಸದ್ದು ಹೋಗದೆ ಮೆಕ್ಯಾನಿಕ್ಕನ ಬಳಿಗೆ ಹೋಗಬೇಕಾಗಿ ಬಂದರೆ, ಒಂದು ಶೂ ಓರೆಯಾಗಿ ಸವೆದಿರುವುದನ್ನೋ, ಒಂದು ತುದಿ ಮಾತ್ರ ಸುಟ್ಟಿರುವುದನ್ನೋ ನೋಡಿ ಆತನು ಡ್ರಮ್ಮನ್ನು ಬಿಚ್ಚುವ ಮೊದಲೇ ದೋಷದ ಜಾಡು ಹಿಡಿಯಬಲ್ಲನು.